ಮಿಂಚಿಗೂ ಗುಡುಗಿಗೂ ನಡುವೆ

ಗುಡುಗಪ್ಪ ಅನ್ನುವ ಅಡ್ಡಹೆಸರು ಕೇಳಿ, ಯಾರೋ ದಪ್ಪ ಮೀಸೆಯ, ದೊಡ್ಡ ಗಂಟಲಿನ ಆಸಾಮಿ ಇರಬೇಕು ಅಂದುಕೊಂಡು ಬರುವವರು ಅವನನ್ನು ಕಂಡು ಪೆಚ್ಚಾಗುತ್ತಾರೆ. ಕಡ್ಡಿಯಂಥ ಮೈ, ನೆಲ ನೋಡಿಕೊಂಡು ಆಡುವ ಮಾತು. ಟೀ ಕೇಳಿದರೆ ಅಂಗಡಿಯವನು ಎರಡು ಸಲ "ಏನಂದ್ರಿ?" ಅನ್ನಬೇಕು. ಆದರೆ ನಮ್ಮ ರಂಗಮಂದಿರದಲ್ಲಿ, ಪರದೆಯ ಪಕ್ಕದ ಕತ್ತಲಲ್ಲಿ, ಮೇಲಿನ ತೊಲೆಯಿಂದ ಇಳಿಬಿಟ್ಟ ಆಳೆತ್ತರದ ತಗಡಿನ ಹಾಳೆಗೆ ಅವನು ಕೈ ಹಾಕಿದನೆಂದರೆ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಎದ್ದು ಚಾವಣಿ ನೋಡುತ್ತಾರೆ. ನಾಟಕಕ್ಕೆ ಗುಡುಗು ಮಾಡುವುದು ಅವನ ಕೆಲಸ. ಜರಡಿಯಲ್ಲಿ ಒಣ ಬಟಾಣಿ ಆಡಿಸಿ ಮಳೆ ಸುರಿಸುವುದು, ಮರದ ಚಕ್ರಕ್ಕೆ ಬಟ್ಟೆ ಉಜ್ಜಿ ಗಾಳಿ ಬೀಸುವುದು, ಇವೂ ಅವನವೇ. ಆದರೆ ಗುಡುಗು ಅಂದರೆ ಅವನ ಮುಖವೇ ಬೇರೆ.

ನಾನು ಮಿಂಚು. ದೀಪಗಳ ಹಲಗೆಯ ಮುಂದೆ ಕೂತು ಗುಂಡಿ ಒತ್ತುವವಳು. ನಾನು ಈ ಕಡೆ, ಅವನು ಆ ಕಡೆ, ನಡುವೆ ರಂಗ. ಇಬ್ಬರೂ ಈ ಮಂದಿರಕ್ಕೆ ಸೇರಿದಾಗ ತಲೆಗೂದಲು ಕಪ್ಪಗಿತ್ತು, ಈಗ ನನ್ನದಕ್ಕೆ ಬಣ್ಣ ಬೇಕು, ಅವನದಕ್ಕೆ ಬಣ್ಣ ಹಚ್ಚುವಷ್ಟು ಉಳಿದಿಲ್ಲ. ಇಷ್ಟು ವರ್ಷ ಒಟ್ಟಿಗೆ ಬಿರುಗಾಳಿ ಎಬ್ಬಿಸಿದ್ದೇವೆ, ಒಂದು ದಿನವೂ ಜಗಳ ಆಡಿಲ್ಲ. ಅವನ ಜೊತೆ ಜಗಳ ಆಡುವುದು ದಿಂಬಿಗೆ ಗುದ್ದಿದ ಹಾಗೆ, ನಮಗೇ ಬೇಜಾರು ಬರುತ್ತದೆ.

ಒಂದು ಸಲ ಆಡಳಿತದವರು ರೆಕಾರ್ಡು ಮಾಡಿದ ಗುಡುಗು ತಂದು ಸ್ಪೀಕರಿನಲ್ಲಿ ಹಾಕಿದರು. ಗುಡುಗಪ್ಪ ಕೈಕಟ್ಟಿ ಕೇಳಿ, "ಯಾರೋ ಮೇಲಿನ ಮಹಡೀಲಿ ಬೀರು ಎಳೀತಿದ್ದಾರೆ" ಅಂದ. ನಟರೆಲ್ಲ ಬಿದ್ದು ಬಿದ್ದು ನಕ್ಕರು. ಸ್ಪೀಕರು ವಾಪಸ್ಸು ಹೋಯಿತು. ಅವನು ಜಂಬಪಟ್ಟಿದ್ದನ್ನು ನಾನು ಕಂಡದ್ದು ಆ ಒಂದೇ ಸಲ. ಜಂಬಕ್ಕೆ ಕಾರಣವೂ ಇತ್ತು ಅನ್ನಿ. ಹೆಬ್ಬೆರಳಿನ ಉಗುರನ್ನು ತಗಡಿನ ಅಂಚಿಗೆ ತಾಗಿಸಿ, ಬೆಟ್ಟದಾಚೆ ಗುಡುಗಿದ ಹಾಗೆ ಮಾಡಬಲ್ಲವನು ಅವನು.

ನಮ್ಮ ಕೆಲಸಕ್ಕೆ ಇದ್ದ ಕಾನೂನು ಒಂದೇ. ಅದು ನಿರ್ದೇಶಕರದು. ಮಿಂಚು ಮತ್ತು ಗುಡುಗು ಒಟ್ಟಿಗೇ ಬರಬೇಕು. ಆಕಾಶದಲ್ಲಿ ಹಾಗೆ ಬರುವುದಿಲ್ಲವಲ್ಲ ಅಂತ ಹೊಸದರಲ್ಲಿ ನಾನು ಕೇಳಿದ್ದೆ. "ಆಕಾಶಕ್ಕೆ ಟಿಕೆಟ್ ಮಾರೋ ತಾಪತ್ರಯ ಇಲ್ಲ. ನೀನು ಮಿಂಚಿಸಿ, ಅವನು ಕಾಯ್ತಾ ನಿಂತರೆ ಜನ ಆ ಸಂದಿನಲ್ಲಿ ಕೆಮ್ಮೋಕೆ ಶುರು ಮಾಡ್ತಾರೆ" ಅಂದರು. ಅಂದಿನಿಂದ ನಾನು ಗುಂಡಿ ಒತ್ತುವುದಕ್ಕೂ ಅವನು ತಗಡು ಝಾಡಿಸುವುದಕ್ಕೂ ಕೂದಲೆಳೆಯಷ್ಟೂ ಸಂದು ಇಲ್ಲ. ಕಣ್ಣು ಕಣ್ಣು ಕೂಡಿದರೆ ಸಾಕು, ಆಯಿತು.

ಇಂಥವನ ಮನೆಯಲ್ಲಿ ಗುಡುಗಿಗೆ ಹೆದರುವ ನಾಯಿ. ಇದಕ್ಕಿಂತ ತಮಾಷೆ ಬೇಕೆ?

ಮನೆ ಅಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡನೇ ಮಹಡಿ. ಎರಡು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆಯುವ ಒಂದು ದೊಡ್ಡ ಕಿಟಕಿ. ಅಲ್ಲಿ ಅವನು ಮತ್ತು ಅವನ ಅಕ್ಕ. ಅವನಿಗೆ ಮದುವೆಯಾಗಲಿಲ್ಲ, ಅಕ್ಕನ ಗಂಡ ತೀರಿಕೊಂಡಿದ್ದಾರೆ. ಅಕ್ಕನಿಗೆ ಮಂಡಿನೋವು. ಮೆಟ್ಟಿಲಿಳಿಯುವುದು ಅಪರೂಪ. ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಹಾಕಿಕೊಂಡು ದಿನವಿಡೀ ಹೊಲಿಯುತ್ತಾರೆ. ತಮ್ಮ ಆಡದ ಮಾತನ್ನೆಲ್ಲ ಸೇರಿಸಿ ಅವರೇ ಆಡುತ್ತಾರೆ. ನಾಯಿಯನ್ನು ಮಂದಿರದ ಹಿಂಬಾಗಿಲಿನಿಂದ ಎತ್ತಿಕೊಂಡು ಹೋದವನು ತಮ್ಮ. ಆಗ ಅದು ಎಲುಬಿಗೆ ಚರ್ಮ ಅಂಟಿಸಿದ ಹಾಗಿತ್ತು. ಅಕ್ಕ ನೋಡಿ, "ಬಂದ್ರಪ್ಪಾ ಪೈಲ್ವಾನ್ರು!" ಅಂದರು. ಪೈಲ್ವಾನ ಅನ್ನುವುದೇ ಹೆಸರಾಯಿತು. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತುಬಿದ್ದದ್ದು. ಗುಡುಗಪ್ಪ ಬೀದಿಯ ತಿರುವಿನಲ್ಲಿ ಕಾಲಿಡುತ್ತಿದ್ದ ಹಾಗೇ ಮೇಲೆ ಬಾಗಿಲ ಹತ್ತಿರ ಬಾಲ ಬಡಿಯುವ ಸದ್ದು. ಅವನು ಬಂದದ್ದಕ್ಕೆ ಅಷ್ಟು ಸಂಭ್ರಮಪಡುವ ಜೀವ ಜಗತ್ತಿನಲ್ಲಿ ಅದೊಂದೇ ಇತ್ತು. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ, ಅವನು ಬಂದರೆ ನಾವು ಯಾರೂ ತಲೆಯೆತ್ತುತ್ತಿರಲಿಲ್ಲ.

ಹೋದ ಮಳೆಗಾಲದ ಕೊನೆಯಲ್ಲಿ ಅನಾಹುತ ಆಯಿತು. ಗುಡುಗು ಬಂದಾಗೆಲ್ಲ ಪೈಲ್ವಾನ ಮಂಚದಡಿ ಸೇರಿ ನಡುಗುವುದು ಮಾಮೂಲಾಗಿತ್ತು. ಆ ದಿನ ಸಿಡಿಲು ಹತ್ತಿರದಲ್ಲೇ ಎಲ್ಲೋ ಬಿತ್ತು. ನಾಯಿ ಮಂಚದಡಿಯಿಂದ ಹೊರಟದ್ದೇ ಮುಚ್ಚಿದ ಕಿಟಕಿಗೆ ನುಗ್ಗಿ, ಗಾಜು ಒಡೆದುಕೊಂಡು ಆಚೆ ಹೋಯಿತು. ಕೆಳಗೆ ಸೈಕಲ್ ಅಂಗಡಿಯ ತಗಡಿನ ಚಪ್ಪರ ಇತ್ತು, ಅದರ ಮೇಲೆ ಬಿದ್ದು ಅಲ್ಲಿಂದ ಬೀದಿಗೆ ಉರುಳಿತು. ಮುಂಗಾಲು ಮುರಿಯಿತು, ಎದೆ ಸೀಳಿತು. ಅಕ್ಕ ಮಂಡಿನೋವು ಮರೆತು ಅಷ್ಟೂ ಮೆಟ್ಟಿಲು ಕೂತುಕೊಂಡೇ ಇಳಿದರಂತೆ.

ಪ್ರಾಣಿ ವೈದ್ಯೆ ಹೊಲಿಗೆ ಹಾಕಿದರು, ಪಟ್ಟಿ ಕಟ್ಟಿದರು. "ಚಪ್ಪರ ಇತ್ತು, ಉಳೀತು" ಅಂದರು.

"ಕಿಟಕಿಗೆ ಹಲಗೆ ಹೊಡೀತೀನಿ ಡಾಕ್ಟ್ರೇ" ಅಂದ ಗುಡುಗಪ್ಪ.

"ಹೊಡೀರಿ. ಬೀಳೋದು ತಪ್ಪುತ್ತೆ. ಆದರೆ ಹೆದರಿಕೆ ಒಳಗೇ ಇರುತ್ತಲ್ಲ, ಆಗ ಹಲಗೆಗೆ ತಲೆ ಚಚ್ಚಿಕೊಳ್ಳುತ್ತೆ. ಹೆದರಿಕೇನೇ ಕಮ್ಮಿ ಮಾಡ್ಬೇಕು."

ಹೇಗೆ ಅನ್ನುವುದನ್ನೂ ಹೇಳಿದರು. ಬೈಯಬಾರದು, ಬಲವಂತವಾಗಿ ಎಳೆಯಬಾರದು. ಅದು ಅಡಗಲು ಕತ್ತಲೆಯ ಒಂದು ಮೂಲೆ ಬೇಕು. ಮೈಗೆ ಬಿಗಿಯಾಗಿ ಬಟ್ಟೆ ಸುತ್ತಿದರೆ ಕೆಲವಕ್ಕೆ ಧೈರ್ಯ ಬರುತ್ತದೆ. ತೀರಾ ಜಾಸ್ತಿಯಾದ ದಿನಕ್ಕೆ ಮಾತ್ರೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆಗಾಲ ಬರುವ ಮೊದಲು ಗುಡುಗಿನ ರೆಕಾರ್ಡನ್ನು ಕೇಳಿಯೂ ಕೇಳದ ಹಾಗೆ ಸಣ್ಣಗೆ ಹಾಕಿ, ಹಾಕಿದಾಗೆಲ್ಲ ಇಷ್ಟದ ತಿನಿಸು ಕೊಡಬೇಕು. ಅದು ಆರಾಮಾಗಿದ್ದರೆ ಮಾತ್ರ ಸದ್ದು ಒಂಚೂರು ಏರಿಸಬೇಕು.

ರೆಕಾರ್ಡು ಅನ್ನುವ ಮಾತಿಗೆ ಗುಡುಗಪ್ಪನ ಮುಖ ಸಿಂಡರಿಸಿತು.

ಮನೆಗೆ ಬಂದ ಮೇಲೆ ಅಕ್ಕ ತಮ್ಮನನ್ನು ಕೂರಿಸಿಕೊಂಡು ಖಡಾಖಂಡಿತ ಹೇಳಿದರು. "ನೋಡು, ಮಳೆಗಾಲ ಶುರುವಾಗೋ ತನಕ ಟೈಮು. ಅಷ್ಟರಲ್ಲಿ ಇದಕ್ಕೆ ಧೈರ್ಯ ಬಂದರೆ ಸರಿ. ಇಲ್ಲಾಂದ್ರೆ ಚಿಕ್ಕಪ್ಪನ ಮಗಳ ಮನೆಗೆ ಕೊಟ್ಟುಬಿಡ್ತೀನಿ. ಅವಳದು ನೆಲದ ಮನೆ, ಕಿಟಕಿಯಿಂದ ಹಾರಿದರೂ ಹೂವಿನ ಕುಂಡದ ಮೇಲೆ ಬೀಳುತ್ತೆ. ಅವಳನ್ನ ಕೇಳಿಯೂ ಆಯ್ತು."

"ಅಕ್ಕ..."

"ಅಕ್ಕ ಗಿಕ್ಕ ಇಲ್ಲ. ನೀನು ಮನೇಲಿರಲ್ಲ. ಅದು ಬೀದೀಲಿ ಬಿದ್ದಿರೋದನ್ನ ಮೇಲಿಂದ ನೋಡಿದವಳು ನಾನು. ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ."

ಮಾರನೇ ದಿನ ಗುಡುಗಪ್ಪ ನನ್ನ ಹತ್ತಿರ ಬಂದು ಎಲ್ಲ ಹೇಳಿದ. ಅಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಕೇಳಿದ್ದೇ ಇಲ್ಲ. ಕೊನೆಗೆ, "ರೆಕಾರ್ಡಂತೆ! ನಾನೇನು ಸತ್ತುಹೋಗಿದ್ದೀನಾ?" ಅಂದ. ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ತಗಡೊಂದನ್ನು ಆಡಳಿತದವರಿಂದ ಕೇಳಿ ಪಡೆದು, ಹೆಗಲ ಮೇಲೆ ಹೊತ್ತು ಮನೆಗೆ ನಡೆದ. ದಾರಿಯುದ್ದಕ್ಕೂ ಗುಡುಗುಟ್ಟಿಕೊಂಡು ಹೋಗುವ ಅವನನ್ನು ಜನ ನಿಂತು ನೋಡಿದರಂತೆ.

ತಗಡನ್ನು ಬಾಗಿಲ ಚೌಕಟ್ಟಿಗೆ ನೇತುಹಾಕಿದ. ಪೈಲ್ವಾನ ಕುಂಟಿಕೊಂಡು ಬಂದು ಮೂಸಿತು. ಉಗುರು ತಾಗಿಸಿ ಸದ್ದೋ ಅಲ್ಲವೋ ಅನ್ನುವಂಥ ಗುಡುಗು ಮಾಡುವುದು, ಬೇಯಿಸಿದ ಕೋಳಿಯ ಚೂರು ಕೊಡುವುದು. ಮತ್ತೆ ಗುಡುಗು, ಮತ್ತೆ ಚೂರು. ಅಂಗಿಯ ಬಲಜೇಬಿನಲ್ಲಿ ಯಾವಾಗಲೂ ಒಂದು ಪೊಟ್ಟಣ. ಅವನು ಬಂದರೆ ದೀಪದ ಹಲಗೆಯವರೆಗೂ ಕೋಳಿಯ ವಾಸನೆ. ಅಕ್ಕ ನಾಯಿಗೆ ದಪ್ಪ ಬಟ್ಟೆಯ ಬಿಗಿಯಾದ ಅಂಗಿ ಹೊಲಿದರು, ಪಕ್ಕದಲ್ಲಿ ಗುಂಡಿಗಳು ಬೇರೆ. ಬೀರುವಿಗೂ ಗೋಡೆಗೂ ನಡುವಿನ ಸಂದಿಗೆ ಹಳೆಯ ಕಂಬಳಿ ಹೊದಿಸಿ ಗುಹೆ ಮಾಡಿದರು.

ಪೈಲ್ವಾನ ಜಾಣ. ವಾರಗಳು ಕಳೆಯುವುದರಲ್ಲಿ ಗುಡುಗಪ್ಪ ತಗಡನ್ನು ಕೈಸೋಲುವಷ್ಟು ಝಾಡಿಸಿದರೂ ಅದರ ಬುಡದಲ್ಲೇ ಮಲಗಿ ಹೊಟ್ಟೆ ತೋರಿಸುವ ಹಂತಕ್ಕೆ ಬಂತು. ಕೆಳಗಿನ ಸೈಕಲ್ ಅಂಗಡಿಯವನು ಮೊದಲೆರಡು ದಿನ ಬೆಚ್ಚಿ ಹೊರಗೆ ಬಂದು ಆಕಾಶ ನೋಡಿದ, ಆಮೇಲೆ ಅವನೂ ಪಳಗಿದ. ಗುಡುಗಪ್ಪ ಮಂದಿರದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ. ನಟರು ಅವನಿಗೆ ನಾಯಿ ಡಾಕ್ಟರು ಅಂತ ಇನ್ನೊಂದು ಹೆಸರಿಟ್ಟರು. ನನ್ನನ್ನೂ ಒಂದು ಸಂಜೆ ಕರೆದ. "ಬಾ, ನೋಡು ಬಾ. ನನ್ನ ಗುಡುಗಿಗೆ ಅದು ಗೊರಕೆ ಹೊಡೆಯುತ್ತೆ."

ನಾನು ಹೋದದ್ದು, ಹಾಳಾದ ಮಳೆ ಹೊತ್ತಲ್ಲದ ಹೊತ್ತಿನಲ್ಲಿ ಬಂದದ್ದು ಒಂದೇ ದಿನ. ಅಕ್ಕ ಟೀ ಕೊಟ್ಟಿದ್ದರು. ಗುಡುಗಪ್ಪ ತಗಡು ಆಡಿಸಿ ತೋರಿಸಿದ್ದ. ನಾಯಿ ನಿಜಕ್ಕೂ ಕಣ್ಣು ತೆರೆದಿರಲಿಲ್ಲ. ಆಗ ಹೊರಗೆ ಮಿಂಚಿತು, ಕಿಟಕಿಗೆ ಹೊಡೆದಿದ್ದ ಹಲಗೆಗಳ ಸಂದಿನಿಂದ ಬೆಳಕಿನ ಗೆರೆಗಳು ಒಳಗೆ ಬಿದ್ದವು. ಪೈಲ್ವಾನ ಚಂಗನೆ ಎದ್ದಿತು. ಗುಡುಗು ಇನ್ನೂ ಬಂದಿರಲಿಲ್ಲ. ಬರುವಷ್ಟರಲ್ಲಿ ಅದು ಟೀಪಾಯಿ ಬೀಳಿಸಿ, ಅಡುಗೆಮನೆಗೆ ನುಗ್ಗಿ, ಪಾತ್ರೆಗಳನ್ನು ಉರುಳಿಸಿ, ಒಲೆಯ ಕಟ್ಟೆಯ ಅಡಿ ಸೇರಿ ಊಳಿಡುತ್ತಿತ್ತು. ಗುಡುಗಪ್ಪ ಕೈಹಾಕಿದರೆ ಅವನ ಕೈಯನ್ನೇ ಕಚ್ಚಿತು. ಜನ್ಮದಲ್ಲಿ ಮೊದಲ ಸಲ.

ಮಳೆ ನಿಂತ ಮೇಲೆ ಅವನು ನೆಲದ ಮೇಲೆ ಕೂತಿದ್ದ. ಕೈಯಿಂದ ರಕ್ತ ಬರುತ್ತಿತ್ತು, ಅದನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ.

"ಇಷ್ಟು ವರ್ಷ ಜನ ನಂಬಿದರು. ನಾಯಿ ನಂಬಲಿಲ್ಲ ನೋಡು. ನನ್ನದು ಗುಡುಗೇ ಅಲ್ಲ ಅಂತ ಹೇಳಿಬಿಡ್ತು" ಅಂದ.

ಉತ್ತರ ಬಂದದ್ದು ಅಕ್ಕನ ಕಡೆಯಿಂದ. ಚೆಲ್ಲಿದ ಟೀ ಒರೆಸುತ್ತ ಅವರು, "ನಿಮ್ಮಿಬ್ಬರಿಗೂ ಕಣ್ಣಿಲ್ವಾ? ಅದು ಗುಡುಗಿಗೆಲ್ಲಿ ಓಡ್ತು? ಮಿಂಚಿದಾಗಲೇ ಓಡ್ತು. ಇನ್ನೇನು ಬರುತ್ತೆ, ಇನ್ನೇನು ಬರುತ್ತೆ ಅಂತ ಕಾಯ್ತದಲ್ಲ, ಅದೇ ಅದಕ್ಕೆ ಜೀವ ಹಿಂಡೋದು" ಅಂದರು. "ನನಗೂ ಅಷ್ಟೇ. ಸೂಜಿ ಚುಚ್ಚೋದಕ್ಕಿಂತ ಡಾಕ್ಟ್ರು ಸೂಜಿ ಎತ್ತಿ ಹಿಡಿದಿರೋದೇ ಹೆಚ್ಚು ಭಯ."

ಗುಡುಗಪ್ಪ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮಿಂಚಿಲ್ಲದ ಗುಡುಗು ಕಲಿಸಿದ್ದ ಅವನು. ನಾನಿದ್ದಿದ್ದರೂ ಸುಖವಿರಲಿಲ್ಲ, ಅಭ್ಯಾಸಬಲದಿಂದ ಇಬ್ಬರೂ ಒಟ್ಟಿಗೇ ಮಾಡುತ್ತಿದ್ದೆವು. ಆ ನಡುವಿನ ಸಂದು, ನಾಯಿಯ ಜೀವ ಹಿಂಡುತ್ತಿದ್ದ ಸಂದು, ಕೆಮ್ಮಿನ ಭಯಕ್ಕೆ ನಾವು ಎಂದೋ ಕೈಬಿಟ್ಟದ್ದು. ಬೇರೆ ಯಾವ ಮನೆಯವರಿಗಾದರೂ ಇದು ಮೊದಲ ದಿನವೇ ಹೊಳೆಯುತ್ತಿತ್ತು.

ಮಾರನೇ ದಿನದಿಂದ ನಾನೂ ಆ ಮನೆಯ ಕೆಲಸದವಳಾದೆ. ಮಂದಿರದಿಂದ ಒಂದು ಸಣ್ಣ ದೀಪ ತಂದೆ. ಅಕ್ಕ ಅದಕ್ಕೆ ಬಟ್ಟೆ ಮುಚ್ಚಿ, ಮೊದಮೊದಲು ಮಿಣುಕು ಹುಳದಷ್ಟು ಬೆಳಕು ಮಾತ್ರ ಬಿಡಲು ಹೇಳಿದರು. ತಗಡನ್ನು ಬಾಗಿಲಾಚೆ ಮೆಟ್ಟಿಲ ಮೇಲೆ ಕಟ್ಟಿದೆವು. ಗುಡುಗು ಮಾಡುವ ಗುಡುಗಪ್ಪನನ್ನು ಕಣ್ಣಾರೆ ನೋಡುತ್ತಿದ್ದರೆ ಯಾವ ನಾಯಿ ತಾನೇ ಹೆದರೀತು? ಅಕ್ಕ ತಗಡಿಗೆ, ನಾನು ದೀಪಕ್ಕೆ, ಗುಡುಗಪ್ಪ ನಾಯಿಯ ಜೊತೆ ನೆಲದ ಮೇಲೆ. ನಾನು ಮಿಂಚಿಸುತ್ತಿದ್ದೆ. ಅವನು ಕೂಡಲೇ ಜೇಬಿಗೆ ಕೈಹಾಕಿ, ಅಂಗೈ ಚಾಚಿ, "ಬರ್ತಾ ಇದೆ, ಬರ್ಲಿ ಬಿಡು" ಅನ್ನುತ್ತಿದ್ದ. ಪೈಲ್ವಾನ ಅವನ ಅಂಗೈಯಿಂದ ಚೂರು ತಿನ್ನುತ್ತಿರುವಾಗ ಅಕ್ಕ ಆಚೆ ತಗಡು ಮುಟ್ಟುತ್ತಿದ್ದರು. ಅಕ್ಕನ ಗುಡುಗು ಕೇಳುವ ಹಾಗಿರಲಿಲ್ಲ, ಪಾತ್ರೆ ಅಂಗಡಿಗೆ ಹಸು ನುಗ್ಗಿದ ಹಾಗಿತ್ತು. ಗುಡುಗಪ್ಪ ಹಲ್ಲುಕಚ್ಚಿ ಸಹಿಸಿಕೊಂಡ. ಅವನು ಆ ನಾಯಿಗಾಗಿ ಮಾಡಿದ ದೊಡ್ಡ ತ್ಯಾಗ ಅದು ಅಂತಲೇ ನನ್ನ ಎಣಿಕೆ.

ಒಂದೊಂದು ದಿನ ಏನೂ ಸಾಗುತ್ತಿರಲಿಲ್ಲ. ಬೆಳಕು ಒಂಚೂರು ಜಾಸ್ತಿಯಾದರೆ ಪೈಲ್ವಾನ ಗುಹೆ ಸೇರುತ್ತಿತ್ತು, ನಾವು ಹಿಂದಿನ ವಾರದ ಮಿಣುಕು ಬೆಳಕಿಗೇ ವಾಪಸ್ಸು ಹೋಗುತ್ತಿದ್ದೆವು. ಆದರೆ ಬರಬರುತ್ತ ಒಂದು ಸಂಗತಿ ಕಂಡಿತು. ಬೆಳಕು ಬಿದ್ದರೆ ಅದು ಕಿಟಕಿಯ ಕಡೆ ನೋಡುವುದು ಬಿಟ್ಟು ಗುಡುಗಪ್ಪನ ಬಲಗೈ ಕಡೆ ನೋಡತೊಡಗಿತು. ಅವನಿಗೂ ಕೈ ಪಳಗಿಹೋಯಿತು. ಬೀದಿಯಲ್ಲಿ ಯಾರಾದರೂ ಕ್ಯಾಮೆರಾ ಫ್ಲ್ಯಾಶ್ ಹೊಡೆದರೂ ಕೈ ಜೇಬಿಗೆ ಹೋಗುತ್ತಿತ್ತು.

ಆಮೇಲೆ ಸೆಕೆ ಹೆಚ್ಚಾಯಿತು. ಕಿಟಕಿಯ ಹಲಗೆಗಳಿಂದ ಮನೆ ಕತ್ತಲ ಪೆಟ್ಟಿಗೆಯಾಗಿತ್ತು, ಅಕ್ಕನಿಗೆ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ. "ಮಳೆ ಬರೋ ಹೊತ್ತಿಗೆ ಮತ್ತೆ ಹೊಡಿ, ಈಗ ತೆಗಿ" ಅಂದರು. ಒಂದು ರಜಾದಿನ ಬೆಳಗ್ಗೆ ಆಕಾಶ ತಿಳಿಯಾಗಿದ್ದದ್ದು ನೋಡಿ ಗುಡುಗಪ್ಪ ಹಲಗೆ ಕಿತ್ತು, ಹೊಸ ಗಾಜಿನ ಕಿಟಕಿ ತೆರೆದಿಟ್ಟು, ಮಧ್ಯಾಹ್ನದ ಆಟಕ್ಕೆ ಬಂದ. ಅಂದಿನ ನಾಟಕದ ಕೊನೆಯ ಅಂಕದಲ್ಲಿ ಬಿರುಗಾಳಿಯಿತ್ತು.

ಎರಡನೇ ಅಂಕ ನಡೆಯುತ್ತಿದ್ದಾಗ ಮಂದಿರದ ಮಾಡಿನ ಮೇಲೆ ಗುಡುಗಿತು. ನಮ್ಮದಲ್ಲ. ಪ್ರೇಕ್ಷಕರು ನಮ್ಮದೇ ಅಂದುಕೊಂಡು ಮೆಚ್ಚಿ ಗುಜುಗುಜು ಅಂದರು. ನಾನು ರಂಗದ ಆಚೆಗೆ ನೋಡಿದೆ. ಗುಡುಗಪ್ಪನ ಮುಖ ಸುಣ್ಣವಾಗಿತ್ತು. ಎರಡು ಕೈಯಲ್ಲೂ ಗಾಳಿಯಲ್ಲಿ ಚೌಕ ಬರೆದು ತೋರಿಸಿದ. ಕಿಟಕಿ. ನನಗೆ ಅರ್ಥವಾಯಿತು.

ಅಕ್ಕನಿಗೆ ಫೋನ್ ಮಾಡಲು ಹುಡುಕಿದರೆ ಅವನ ಫೋನು ಅಂಗಿಯ ಜೊತೆ ಬಟ್ಟೆ ಬದಲಿಸುವ ಕೋಣೆಯಲ್ಲಿತ್ತು. ಪರದೆ ಪಕ್ಕ ನಿಲ್ಲುವವರಿಗೆಲ್ಲ ಕರಿಯ ನಿಲುವಂಗಿ, ಅದಕ್ಕೆ ಜೇಬಿಲ್ಲ. ನನ್ನ ಫೋನಿನಿಂದ ಮಾಡಿದೆ, ಅಕ್ಕ ಎತ್ತಲಿಲ್ಲ. ಬಿಟ್ಟು ಓಡಲು ಅವನಿಗೆ ದಾರಿಯಿರಲಿಲ್ಲ, ಆ ತಗಡು ಬೇರೆ ಯಾರ ಕೈಗೂ ಬಗ್ಗುವುದಿಲ್ಲ.

ಕೊನೆಯ ಅಂಕ ಬಂತು. ನಾನು ಗುಂಡಿ ಒತ್ತಿದೆ, ರಂಗವೆಲ್ಲ ಬೆಳ್ಳಗಾಯಿತು. ಗುಡುಗು ಬರಲಿಲ್ಲ. ಗುಡುಗಪ್ಪನ ಬಲಗೈ ನಿಲುವಂಗಿಯ ಪಕ್ಕದಲ್ಲಿ ಇಲ್ಲದ ಜೇಬನ್ನು ಹುಡುಕುತ್ತಿತ್ತು. ತುಟಿ ಅಲ್ಲಾಡುತ್ತಿತ್ತು. ಬರ್ತಾ ಇದೆ, ಬರ್ಲಿ ಬಿಡು. ನಿರ್ದೇಶಕರು ಎದ್ದು ನಿಂತರು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಅವನು ತಗಡಿಗೆ ಕೈಹಾಕಿದ. ಮೊದಲ ಸಾಲಿನ ಹೆಂಗಸೊಬ್ಬರು ಚಿಟ್ಟನೆ ಚೀರಿದರು. ನಾನು ಅವನ ಜೊತೆ ದುಡಿದಷ್ಟೂ ವರ್ಷಗಳಲ್ಲಿ ಅಂಥ ಗುಡುಗು ಕೇಳಿಲ್ಲ. ಅದರ ಮೇಲೆ ಅವನಿಗಾಗಲಿ ನನಗಾಗಲಿ ಲಕ್ಷ್ಯವಿರಲಿಲ್ಲ.

ಪರದೆ ಬಿದ್ದದ್ದೇ ಇಬ್ಬರೂ ಓಡಿದೆವು. ಅವನು ನಿಲುವಂಗಿಯನ್ನೂ ಬಿಚ್ಚಲಿಲ್ಲ. ಮಳೆ ಧೋ ಅಂತ ಸುರಿಯುತ್ತಿತ್ತು. ಬೀದಿ ತಿರುಗಿದ ಕೂಡಲೇ ಅವನು ನಿಂತುಬಿಟ್ಟ. "ನೀನು ನೋಡು, ನನ್ನ ಕೈಲಾಗಲ್ಲ" ಅಂದ. ನಾನು ಸೈಕಲ್ ಅಂಗಡಿಯ ಚಪ್ಪರ ನೋಡಿದೆ, ಅದರ ಕೆಳಗೆ ನೋಡಿದೆ. ನೀರು ಹರಿಯುತ್ತಿತ್ತು, ಬೇರೇನೂ ಇರಲಿಲ್ಲ. ಮೇಲೆ ಕಿಟಕಿ ಮುಚ್ಚಿತ್ತು. ಗಾಜು ಇತ್ತು.

ಅಕ್ಕ ಬಾಗಿಲು ತೆರೆದು, "ಮೆಲ್ಲಗೆ ಬನ್ನಿ" ಅಂದರು. ಪೈಲ್ವಾನ ಮಂಚದಡಿಯಲ್ಲಿರಲಿಲ್ಲ. ಬೀರುವಿನ ಪಕ್ಕದ ಗುಹೆಯಲ್ಲಿ, ಗುಂಡಿ ಹಾಕಿದ ಅಂಗಿ ತೊಟ್ಟು, ಅಲ್ಲಿಗೇ ಎಳೆದಿಟ್ಟಿದ್ದ ಅಕ್ಕನ ಕುರ್ಚಿಯ ಕಾಲಿಗೆ ಒತ್ತಿಕೊಂಡು ಕೂತಿತ್ತು. ನಡುಗುತ್ತಿತ್ತು. ಬಾಯಿಂದ ಜೊಲ್ಲು ಸುರಿದು ಎದೆಯ ಬಟ್ಟೆ ಒದ್ದೆಯಾಗಿತ್ತು.

"ಮೊದಲು ಕಿಟಕಿ ಹತ್ತಿರಕ್ಕೇ ಹೋಯ್ತು. ನನ್ನ ಪ್ರಾಣ ಹೋಯ್ತು ಅಂದ್ಕೊಂಡೆ" ಅಂದರು ಅಕ್ಕ. "ಮಿಂಚಿತಲ್ಲ, ಹಾಗೇ ತಿರುಗಿ ನನ್ನ ಹತ್ತಿರ ಬಂತು. ಆಗ ಕಿಟಕಿ ಮುಚ್ಚಿದೆ. ಫೋನ್ ಬಡ್ಕೊಂತಿತ್ತು, ಎತ್ತೋಕೆ ಹೋದ್ರೆ ಇದರ ಹತ್ತಿರ ಯಾರಿರ್ತಾರೆ?"

ಅವರು ಹೇಳಿ ಮುಗಿಸುವ ಮೊದಲೇ ಹೊರಗೆ ಮಿಂಚಿತು. ಹಲಗೆಯಿಲ್ಲದ ಕಿಟಕಿಯಿಂದ ಬೆಳಕು ಕೋಣೆಯನ್ನೆಲ್ಲ ತುಂಬಿತು. ಗುಡುಗಪ್ಪನ ಕೈ ಪಕ್ಕಕ್ಕೆ ಹೋಯಿತು. ಜೇಬಿಲ್ಲ, ಪೊಟ್ಟಣವಿಲ್ಲ. ಅವನು ಬರಿಗೈಯನ್ನೇ ಮುಂದೆ ಚಾಚಿದ. "ಬರ್ತಾ ಇದೆ..." ಅಂದ.

ಪೈಲ್ವಾನ ಗುಹೆಯಿಂದ ಎದ್ದಿತು. ಕಾಲುಗಳು ನಡುಗುತ್ತಿದ್ದವು. ಕಿಟಕಿಯ ಮುಂದಿನಿಂದಲೇ ನಡೆದು ಬಂದು, ಖಾಲಿ ಅಂಗೈಯಲ್ಲಿ ಮೂತಿ ಒತ್ತಿ ನಿಂತಿತು. ಗುಡುಗು ಬಂತು. ಗಾಜು ಅದುರಿತು, ಮಿಷನ್ನಿನ ಮೇಲಿದ್ದ ಕತ್ತರಿ ಅದುರಿತು. ನಾಯಿಯ ಮೈಯೂ ಅದುರಿತು. ಆದರೆ ನಿಂತ ಜಾಗ ಬಿಟ್ಟು ಅದು ಕದಲಲಿಲ್ಲ.

"ಏನೂ ಕೊಡಲಿಲ್ಲ ಅದಕ್ಕೆ" ಅಂದ ಗುಡುಗಪ್ಪ. "ಏನೂ ಇಲ್ಲ ನನ್ನ ಹತ್ತಿರ." ಅವನು ಅಳುತ್ತಿದ್ದ, ಮಳೆಯಲ್ಲಿ ನೆಂದ ಮುಖವನ್ನು ಒರೆಸಿಕೊಳ್ಳಲೂ ಇಲ್ಲ. ನಾನೂ ಅತ್ತೆ, ಅದನ್ನೇಕೆ ಮುಚ್ಚಿಡಲಿ.

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಎಂದಿನ ಗತ್ತಿನಲ್ಲಿ, "ಆ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿ ಹೇಳು. ನಾಯಿ ಬರಲ್ಲ, ದಾರಿ ಕಾಯಬೇಡ ಅಂತ" ಅಂದರು.

"ತಡಿ ಅಕ್ಕ" ಅಂದ ಅವನು ಪಿಸುದನಿಯಲ್ಲಿ. "ಇನ್ನೂ ಒಂದೆರಡು ಬರೋ ಹಾಗಿದೆ. ಈಗ ಕೈ ತೆಗೆಯೋಕಾಗಲ್ಲ."